ಬೆಕ್ಕಿನ ಹಣೆಯ ಮೂರು ಬೆರಳು

ಹೋದ ಮಳೆಗಾಲದಲ್ಲಿ ಮೊಮ್ಮಗನ ಅಂಗಡಿಗೆ ಮಾಲು ನೋಡಲು ಮಸ್ಕಿಗೆ ಹೋಗಿದ್ದೆ. ಹಳೆ ಬಜಾರಿನ ಒಂದು ಕಿರಾಣಿ ಅಂಗಡಿಯ ಕಟ್ಟೆ ಹತ್ತಿದೆ. ಎರಚಲು ಬಡಿದು ಬಾಗಿಲ ಬದಿಯ ಹರಳುಪ್ಪಿನ ಚೀಲ ಅರ್ಧ ತೊಯ್ದಿತ್ತು. ಅದರ ಮೇಲೆ ಒಂದು ಬೂದು ಬೆಕ್ಕು ಮುದುಡಿಕೊಂಡು ಮಲಗಿತ್ತು. ತೊಯ್ದ ಗೋಣಿ, ಕರಗುವ ಉಪ್ಪು, ಬೆಕ್ಕಿನ ಮೈ, ಮೂರರ ವಾಸನೆಯೂ ಕೂಡಿ ಮೂಗಿಗೆ ಬಂತು. ದರ ಕೇಳಲು ತೆರೆದ ಬಾಯಿ ಹಾಗೇ ನಿಂತಿತು. ಜೀವಮಾನವೆಲ್ಲ ಚೌಕಾಶಿಯಲ್ಲಿ ಕಳೆದವನಿಗೆ ಇದು ಆಗಬಾರದ ಸಂಗತಿ.

ಆ ವಾಸನೆ ನನ್ನ ಪಾಲಿಗೆ ಒಂದೇ ವರ್ಷದ್ದು. ಆಗಿನ್ನೂ ನಿಜಾಮರ ಆಳ್ವಿಕೆ. ರಜಾಕಾರರ ಹೆಸರು ನಮ್ಮ ಕಡೆ ಕೇಳಿಬಂದಿರಲಿಲ್ಲ. ಕಾಲುವೆಯ ಮಾತೂ ಇರಲಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಕಣ್ಣು ಹಾಯಿಸಿದಷ್ಟೂ ಎರೆ ಹೊಲ, ಜೋಳ, ಹತ್ತಿ. ಈಗ ಭತ್ತದ ಗದ್ದೆಯಲ್ಲಿ ಕೊಕ್ಕರೆ ನಿಲ್ಲುವ ವಳಕಮದಿನ್ನಿಯಲ್ಲಿ ಆಗ ಮೋಡದ ಮುಖ ನೋಡಿಯೇ ಬಿತ್ತಬೇಕಿತ್ತು. ಅದರ ಹಿಂದಿನ ವರ್ಷ ಜೋಳ ಭರ್ತಿ ಬೆಳೆದಿತ್ತು. ನೆಲದಡಿಯ ಕಾಳಿನ ಹಗೇವು ತುಂಬಿ ಮನೆಗಳೂ ತುಂಬಿದ್ದವು. ಮನುಷ್ಯರಿಗೆ ಸುಗ್ಗಿಯಾದರೆ ಇಲಿಗಳಿಗೂ ಸುಗ್ಗಿಯೇ. ಮಳೆಗಾಲ ಹಿಡಿಯುವ ಹೊತ್ತಿಗೆ ಹಗಲಲ್ಲೇ ಜಂತಿಯ ಮೇಲೆ ಸಾಲುಗಟ್ಟಿ ಓಡಾಡತೊಡಗಿದವು. ನಮ್ಮ ಕಡೆಯ ಹಳಬರು ಅದನ್ನು ಇಂದಿಗೂ ಇಲಿ ವರ್ಷ ಅಂತಲೇ ಕರೆಯುತ್ತಾರೆ.

ನಾನು ಆಗ ಉಪ್ಪಿನ ವ್ಯಾಪಾರಿ. ವ್ಯಾಪಾರಿ ಎಂಬುದು ದೊಡ್ಡ ಮಾತು. ನನ್ನ ಹತ್ತಿರ ಇದ್ದದ್ದು ಒಂದೇ ಎತ್ತು. ಮಸ್ಕಿಯ ಮಸ್ತಾನ್ ಸಾಬನ ಹತ್ತಿರವೂ ಒಂದೇ ಎತ್ತು, ಜೊತೆಗೆ ಒಂದು ಹಳೆ ಬಂಡಿ. ಅವನು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಎರಡು ಎತ್ತು ಕೂಡಿದರೆ ಬಂಡಿ ನಡೆಯುತ್ತದೆ ಎಂದು ನಾವಿಬ್ಬರೂ ಕೂಡಿದೆವು. ಹೊಸದಾಗಿ ವ್ಯಾಪಾರಕ್ಕಿಳಿಯುವ ಹುಡುಗರಿಗೆ ನಾನು ಈಗಲೂ ಹೇಳುತ್ತೇನೆ: ಪಾಲುಗಾರನನ್ನು ಹುಡುಕುವಾಗ ನಿನ್ನ ಹತ್ತಿರ ಇಲ್ಲದ್ದು ಅವನ ಹತ್ತಿರ ಇದೆಯೇ ನೋಡು. ನನ್ನ ಹತ್ತಿರ ಚೌಕಾಶಿ ಇತ್ತು. ಅವನ ಹತ್ತಿರ ಕಥೆ ಇತ್ತು.

ಲಿಂಗಸುಗೂರಿನ ಹಳೆ ದಂಡಿನ ಛಾವಣಿಯ ಕಸಾಯಿಗಳ ಓಣಿಯಲ್ಲಿ ಬೆಕ್ಕುಗಳು ಬೇಕಾದಷ್ಟಿದ್ದವು. ಹಳ್ಳಿಗಳಲ್ಲಿ ಬೆಕ್ಕಿಗಾಗಿ ಬಾಯಿ ಬಿಡುತ್ತಿದ್ದರು. ಆದರೆ ನಮ್ಮ ಕಡೆ ಬೆಕ್ಕಿಗೆ ರೊಕ್ಕ ಮುಟ್ಟಿಸುವಂತಿಲ್ಲ. ಮುಟ್ಟಿಸಿದರೆ ಅದು ಮನೆ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಬೆಕ್ಕು ಕೊಟ್ಟವರಿಗೆ ಉಪ್ಪು ಕೊಡಬೇಕು. ಬೆಕ್ಕು ಪಡೆದವರು ಕಾಳು ಅಳೆಯಬೇಕು. ಉಪ್ಪಿನ ಬಂಡಿಯವರಿಗೆ ಇದಕ್ಕಿಂತ ಒಳ್ಳೆಯ ರಿವಾಜು ಯಾವುದಿದ್ದೀತು? ಛಾವಣಿಯಲ್ಲಿ ಉಪ್ಪು ಸುರಿದು ಬೆಕ್ಕು ಹಿಡಿದೆವು. ಬಿದಿರ ಬುಟ್ಟಿಗಳಲ್ಲಿ ಮುಚ್ಚಿ ಉಪ್ಪಿನ ಚೀಲಗಳ ಮೇಲೆ ಇಟ್ಟುಕೊಂಡು ಊರೂರು ತಿರುಗಿದೆವು.

ಆಗ ಗೊತ್ತಾಯಿತು, ಬೆಕ್ಕು ಬೇಕು ಅಂದರೆ ಯಾವ ಬೆಕ್ಕಾದರೂ ಆಗುವುದಿಲ್ಲ ಅಂತ. ಹೆಂಗಸರು ಬುಟ್ಟಿಯ ಮುಚ್ಚಳ ಸರಿಸಿ ಮೊದಲು ಮೈಬಣ್ಣ ನೋಡುತ್ತಿದ್ದರು. ಬೆನ್ನ ಮೇಲೆ ಮಚ್ಚೆ ಎಲ್ಲಿದೆ, ಬಾಲದ ತುದಿ ಯಾವ ಬಣ್ಣ, ಎದೆಯ ಮೇಲೆ ಏನಿದೆ. ಶೆಟ್ಟರ ಮನೆಯವರಿಗೆ ಮೂರು ಬಣ್ಣದ್ದೇ ಬೇಕು, ಅದು ಲಕ್ಷ್ಮಿ. ಅಕ್ಕಸಾಲಿಗರಿಗೆ ಹಳದಿ. ಬಿಳಿ ಕಾಲಿನದಂತೂ ಯಾರಿಗೂ ಬೇಡ. ಅದು ಹಾಲಿನ ಗಡಿಗೆಯಲ್ಲಿ ಕಾಲಿಟ್ಟ ಕಳ್ಳಬೆಕ್ಕಿನ ಸಂತತಿಯಂತೆ.

ಗುರುಗುಂಟಾದಲ್ಲಿ ಒಬ್ಬ ಹೆಂಗಸು ಅಂಥ ಬೆಕ್ಕನ್ನು ನೋಡಿ ಮುಖ ತಿರುವಿದಳು. "ಕಾಲು ನೋಡ್ರಿ ಅದರದು! ನನ್ನ ಮನ್ಯಾಗ ಹಾಲು ಉಳಿಸೀತು?"

ಮಸ್ತಾನ ಗಾಬರಿಯಾದವನಂತೆ ಎದೆಯ ಮೇಲೆ ಕೈ ಇಟ್ಟುಕೊಂಡ. "ಹಾಲಲ್ರೀ ಅಕ್ಕಾರ, ಸುಣ್ಣ! ಮದಿವಿ ಮನಿಗಿ ಸುಣ್ಣ ಹಚ್ಚಾಕತ್ತಿದ್ರು, ಇದರ ಮುತ್ತಜ್ಜಿ ಅದರಾಗ ಹಾಯ್ದು ಬಂತು. ಇದು ಕಾಲಿಟ್ಟ ಮನ್ಯಾಗ ಸುಣ್ಣದ ಕೆಲಸ ಬಂದ ಬರತೈತಿ."

ಒಳಗೆ ಮದುವೆಗೆ ಬಂದ ಮಗಳಿದ್ದಳು. ಆ ಹೆಂಗಸು ಸೇರು ತರಲು ಹೋದಳು. "ಹೇಂಗ ಹುಟ್ಟತಾವಣ್ಣಾ ನಿನಗ ಇವು?" ಎಂದು ಕೇಳಿದೆ. "ನಮ್ಮವ್ವ ಹೇಳಿದ್ದು ಒಂದಿಷ್ಟು ಅದಾವ. ಉಳಿದದ್ದು ಎತ್ತಿನ ಹಿಂದ ನಡದ್ರ ತಾನಾ ಬರತೈತಿ" ಎಂದ.

ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಹಣೆಯ ಮೇಲೆ ಮೂರು ಗೆರೆ ಇದ್ದ ಬೂದು ಬೆಕ್ಕಿಗೆ. ಮುಸಲ್ಮಾನರ ಮನೆಯಲ್ಲಿ ಮಸ್ತಾನ ಹೇಳುತ್ತಿದ್ದ: ಒಬ್ಬ ಪೀರರು ನಮಾಜಿಗೆ ಕೈಕಾಲು ತೊಳೆದುಕೊಂಡು ಬರುವಾಗ ಬೆಕ್ಕೊಂದು ಹಾವನ್ನು ತಡೆದು ನಿಲ್ಲಿಸಿತು. ಅವರು ಒದ್ದೆ ಬೆರಳಿನಿಂದ ಅದರ ಹಣೆ ಸವರಿದರು, ಆ ಗೆರೆ ಉಳಿಯಿತು. ಲಿಂಗವಂತರ ಓಣಿಗೆ ಬಂದರೆ ಪೀರರ ಜಾಗದಲ್ಲಿ ಸ್ವಾಮಿಗಳು ಬರುತ್ತಿದ್ದರು, ನೀರಿನ ಜಾಗದಲ್ಲಿ ಈಬತ್ತಿ. ವಿಭೂತಿಗೆ ನಮ್ಮ ಕಡೆಯ ಮಾತು ಅದು.

"ಎರಡರಾಗ ಯಾವುದಣ್ಣಾ ಖರೆ?" ಎಂದು ಒಮ್ಮೆ ಬಂಡಿಯ ಮೇಲೆ ಕೇಳಿದೆ.

"ಕೈ ಯಾರದರ ಇರಲಿ ಲೇ ಅಮರ್ಯಾ. ಹಣಿ ಅಂತೂ ಖರೆ ಐತಲ್ಲ?"

ಶ್ರಾವಣ ಇನ್ನೇನು ಹಿಡಿಯುವುದಿತ್ತು. ಆಗ ವಳಕಮದಿನ್ನಿಗೆ ಹೋದೆವು. ಅಲ್ಲಿ ಶಂಕ್ರಮ್ಮ ಎಂಬ ವಿಧವೆ, ಸಣ್ಣ ಜೀವ, ಮಾತಿನಲ್ಲಿ ಗಟ್ಟಿ. ಹಿಂದಿನ ವರ್ಷ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ.

"ಉಪ್ಪು ಬ್ಯಾಡ ತಮ್ಮಾ, ಐತಿ. ಇಲಿಗೇನರ ಔಷಧ ಇದ್ರ ಕೊಡ್ರಿ."

"ಐತ್ರಿ ಅವ್ವಾರ," ಎಂದ ಮಸ್ತಾನ. "ನಾಕು ಕಾಲು, ಒಂದು ಬಾಲದ ಔಷಧ."

"ಬೆಕ್ಕಾ? ಛೀ! ಲಿಂಗಪೂಜಿ ಮನಿ ಇದು. ಒಳಗ ಹಿಡದು ತಿಂದು ರಕ್ತ ಚೆಲ್ಲಿದ್ರ ಆ ಪಾಪ ಯಾರಿಗಿ?"

ಆದರೂ ನಮ್ಮನ್ನು ಕಳಿಸಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ವಾಡೆ ತೋರಿಸಿದಳು. ಆಳೆತ್ತರದ ಮಣ್ಣಿನ ಕಣಜ ಅದು. ಬುಡದಲ್ಲಿ ಕಾಳು ತೆಗೆಯುವ ಸಣ್ಣ ಬಾಯಿ, ಅದಕ್ಕೆ ಸೆಗಣಿ ಮಣ್ಣಿನ ಮೆತ್ತು. ಒಳಗೆ ಬೂದಿ ಬೆರೆಸಿಟ್ಟ ಬೀಜದ ಜೋಳ. ಅತ್ತೆಯ ಕೈಯಿಂದ ಅವಳ ಕೈಗೆ ಬಂದ ತಳಿ. ಅದೊಂದೇ ಅವಳ ಸ್ವಂತದ್ದು. ಹಗೇವು, ದನ, ಕೂರಿಗೆ ಎಲ್ಲ ಮೈದುನ ಸಿದ್ದನಗೌಡನ ಜೊತೆ ಕೂಡಿತ್ತು. ಗಂಡನ ಪಾಲಿನ ಹುಣಸಿಗಿಡದ ಹೊಲವನ್ನು ತಾನೇ ಮಾಡುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಕೂಡಿ ಮಾಡೋಣ, ಕೂಡಿ ಉಣ್ಣೋಣ ಎಂದು ಮೈದುನನ ವಾದ. ಊರ ಹಿರಿಯರು ಒಂದು ಮಾತು ಹಾಕಿದ್ದರು: ಈ ಹಿಂಗಾರಿಗೆ ತನ್ನ ಬೀಜ ತಾನು ಬಿತ್ತಿದರೆ ಹೊಲ ಅವಳದು, ಬೀಜಕ್ಕಾಗಿ ಇನ್ನೊಬ್ಬರ ಬಾಗಿಲಿಗೆ ಹೋದರೆ ಹೊಲ ಮೈದುನನ ಸಾಗುವಳಿಗೆ.

"ಇಲಿ ಗ್ವಾಡಿ ತುಂಬ ಓಡಾಡತಾವ ತಮ್ಮಾ. ಕೂತ್ರ ನಿಂತ್ರ ಜೀವ ಆ ವಾಡ್ಯಾಗ ಇರತೈತಿ," ಎಂದಳು.

ಮಸ್ತಾನ ಎದ್ದು ಬಂಡಿಗೆ ಹೋದ. ಬುಟ್ಟಿಯ ಬೆಕ್ಕುಗಳನ್ನು ಮುಟ್ಟಲಿಲ್ಲ. ಮುಂಭಾಗದ ಮೂಕಿಯ ಹತ್ತಿರ ಬಿಡುಬೀಸಾಗಿ ಕೂಡುತ್ತಿದ್ದ ಚಾಂದಿಯನ್ನು ಎತ್ತಿಕೊಂಡ. ಚಾಂದಿ ಅವನ ಮನೆಯ ಮೂರು ಗೆರೆಯ ಬೂದು ಬೆಕ್ಕು, ಅವನ ತಾಯಿ ಸಾಕಿದ್ದು. ಅದರಂಥ ಬೇಟೆಗಾತಿಯನ್ನು ನಾನು ಆಮೇಲೆ ನೋಡಿಲ್ಲ. ನಾನು ಅವನ ತೋಳು ಹಿಡಿದೆ. "ಅಣ್ಣಾ, ನಿಮ್ಮವ್ವನ ಬೆಕ್ಕು ಅದು."

"ಆಕಿ ಬೀಜ ಉಳೀಲಿ ಬಿಡು."

ಒಳಗೆ ಬಂದು ಚಾಂದಿಯನ್ನು ಬಾಗಿಲ ಬೆಳಕಿಗೆ ಹಿಡಿದು ಹೇಳಿದ. ಮಸ್ಕಿ ಗುಡ್ಡದ ಗವಿಯಲ್ಲಿ ಒಬ್ಬ ಸ್ವಾಮಿಗಳಿದ್ದರು. ಚಳಿಗಾಲದಲ್ಲಿ ಬೆಕ್ಕಿನ ಮರಿಯೊಂದು ಅವರ ಧುನಿಯ ಬೆಚ್ಚನೆ ಬೂದಿಯೊಳಗೆ ಮಲಗುತ್ತಿತ್ತು. ಒಂದು ಬೆಳಗ್ಗೆ ಸ್ವಾಮಿಗಳು ಧ್ಯಾನದಿಂದ ಏಳುತ್ತ, ಕಣ್ಣು ತೆರೆಯದೆಯೇ ಬೂದಿಗೆ ಕೈ ಹಾಕಿದರು. ಮೂರು ಬೆರಳು ಹೋಗಿ ಮರಿಯ ಹಣೆಯ ಮೇಲೆ ಬಿದ್ದವು. "ಅವತ್ತಿನಿಂದ ಆ ಕುಲಕ್ಕ ಅದು ಅಳಿಸಿಲ್ರಿ. ಎಣಿಸ್ರಿ ಬೇಕಾದ್ರ."

ಶಂಕ್ರಮ್ಮ ಬಗ್ಗಿ ನೋಡಿದಳು. "ಈಬತ್ತಿ ಅಡ್ಡ ಹಚ್ಕೋತಾರ. ಇವು ಉದ್ದಕ್ಕ ಅದಾವಲ್ಲ?"

"ಮರಿ ಅಡ್ಡ ಮಲಗಿತ್ರಿ ಅವ್ವಾರ!"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡ ಸತ್ತ ಮೇಲೆ ಅದೇ ಮೊದಲ ಸಲ ನಕ್ಕಿದ್ದಳೆಂದು ನೆರೆಮನೆಯವಳು ಆಮೇಲೆ ಹೇಳಿದಳು. ಬೆಕ್ಕಿಗೆ ಅಳೆಯುವ ಕಾಳು ಕೂಡಿದ ಹಗೇವಿನದು ಆಗಬಾರದು, ತನ್ನದೇ ಇರಬೇಕು ಎಂದು ವಾಡೆಯ ಬಾಯಿ ಬಿಚ್ಚಿದಳು. ಎರಡು ಸೇರು ಎಂದಳು. ನಾನು ರೂಢಿಯಂತೆ ಮಾತಾಡಿ ಮೂರಕ್ಕೆ ತಂದೆ. ಬೂದಿ ಜಾಡಿಸಿದರೆ ಒಂದೊಂದು ಕಾಳೂ ಮುತ್ತು. ಬಂಡಿಯಲ್ಲಿ ಎಲ್ಲ ಊರಿನ ಕಾಳೂ ಬೀಳುವುದು ಒಂದೇ ಚೀಲಕ್ಕೆ. ಅದೂ ಅದಕ್ಕೇ ಬಿತ್ತು. ಶಂಕ್ರಮ್ಮ ಚಾಂದಿಯನ್ನು ಒಲೆಯ ಸುತ್ತ ತಿರುಗಿಸಿ ಮನೆಗೆ ಹೊಂದಿಸಿಕೊಂಡಳು.

ಮತ್ತೆ ಆ ಊರಿಗೆ ಹೋಗುವಷ್ಟರಲ್ಲಿ ಶ್ರಾವಣ ಮುಗಿದಿತ್ತು. ಪಡಸಾಲೆಯಲ್ಲಿ ನಾಲ್ಕು ಮಡಿಕೆಯ ಕಂಬಳಿಯ ಮೇಲೆ ಚಾಂದಿ ಕೂತಿತ್ತು. ಗುರುತೇ ಸಿಗದಷ್ಟು ದಪ್ಪ. ಅದರ ಹೆಸರು ಈಗ ಈಬತ್ತೆವ್ವ. ಕಥೆ ಊರೆಲ್ಲ ಹಬ್ಬಿತ್ತು. ಸೋಮವಾರ ಸೋಮವಾರ ಓಣಿಯ ಹೆಂಗಸರು ಹಾಲು ತಂದು ಎರೆಯುತ್ತಿದ್ದರು. ಈಬತ್ತಿ ಧರಿಸಿದ ಜೀವ ಮಾಂಸ ಮುಟ್ಟುವುದುಂಟೇ ಎಂದು ಶಂಕ್ರಮ್ಮ ಹೊತ್ತು ಹೊತ್ತಿಗೆ ಹಾಲು ರೊಟ್ಟಿ ಕಲಸಿಡುತ್ತಿದ್ದಳು. ಬರುವವರು ಹೋಗುವವರು ತುಳಿದಾರು ಎಂದು ಕೊರಳಿಗೆ ಗೆಜ್ಜೆ ಕಟ್ಟಿದ್ದಳು. ಬೆಕ್ಕು ಮೈಮುರಿದರೆ ಸಾಕು, ಮನೆಯೆಲ್ಲ ಝಲ್ ಅನ್ನುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅವ್ವಾ, ಆ ಗೆಜ್ಜಿ ಬಿಚ್ಚು. ಹಾಲು ಬಂದ್ ಮಾಡು. ಒಂದು ದಿನ ಉಪವಾಸ ಕೆಡವಿ ವಾಡೆ ಹತ್ರ ಬಿಡು. ಹಸದ ಬೆಕ್ಕಿಗೆ ಅಷ್ಟ ಇಲಿ ಕಾಣತಾವ."

"ಏ ತಮ್ಮಾ, ಈಬತ್ತಿ ಹಚ್ಚಿಕೊಂಡಾಕಿನ್ನ ಉಪವಾಸ ಕೆಡವಂತೀಯೇನು? ಆಕಿ ಕುಂತ್ರ ಸಾಕು, ಇಲಿ ದೂರ ಹೋಗತಾವ. ಸಪ್ಪಳಾ ಕೇಳೂದ ಇಲ್ಲ ಈಗ."

ಸಪ್ಪಳ ಕೇಳುತ್ತಿರಲಿಲ್ಲ ನಿಜ. ಗೋಡೆ ಮೇಲಿನ ಸಪ್ಪಳ ನಿಂತರೆ ಇಲಿ ನೆಲದೊಳಗೆ ಇಳಿದಿದೆ ಎಂದು ಅರ್ಥ. ಕಾಳಿನ ದಾಸ್ತಾನು ಇಡುವವರು ಇದನ್ನು ಮರೆಯಬಾರದು. ವಾಡೆ ತೆರೆದು ನೋಡು ಎಂದೆ. ಮೆತ್ತಿದ ಬೀಜದ ವಾಡೆಯನ್ನು ಬಿತ್ತುವ ದಿನದವರೆಗೆ ತೆರೆಯುವುದಿಲ್ಲ, ಅಂದು ಬೆಕ್ಕಿಗಾಗಿ ಒಮ್ಮೆ ತೆರೆದದ್ದೇ ಹೆಚ್ಚು ಎಂದಳು. ನಾನು ಮಸ್ತಾನನ ಕಡೆ ನೋಡಿದೆ. ಅವನ ಮಾತಾದರೆ ಕೇಳುತ್ತಿದ್ದಳು. ಆದರೆ ಅವನ ಕಣ್ಣು ಬೇರೆಲ್ಲೋ ಇತ್ತು. ಒಬ್ಬ ಮುದುಕಿ ಹಾಲಿನ ತಂಬಿಗೆ ಹಿಡಿದು ಬಂದು, ಮಸ್ಕಿ ಗುಡ್ಡದ ಸ್ವಾಮಿಗಳ ಕಥೆಯನ್ನು ಅವನಿಗೇ ಹೇಳತೊಡಗಿದ್ದಳು. ಅವನು ಮೊದಲ ಸಲ ಕೇಳುವವನಂತೆ ಕೂತು, ಹೂಂ ಹೂಂ ಎನ್ನುತ್ತಿದ್ದ. ಎತ್ತಿನ ಹಿಂದೆ ನಡೆಯುತ್ತ ಹುಟ್ಟಿಸಿದ ಕಥೆ ತಾನಾಗಿ ನಡೆದು ಎದುರಿಗೆ ಬಂದರೆ ಯಾರ ಮುಖ ಅರಳುವುದಿಲ್ಲ?

"ಇರಲಿ ಬಿಡಲೇ, ಒಂದು ಗೆಜ್ಜಿ," ಎಂದ ಹೊರಗೆ ಬಂದ ಮೇಲೆ.

ಉತ್ತರಿ ಮಳೆ ಚೆನ್ನಾಗಿ ಬಿತ್ತು. ಹಸಿ ಹಿಡಿಯಿತು. ವಾಡೆ ತೆರೆಯುವ ದಿನಕ್ಕೆ ಶಂಕ್ರಮ್ಮ ನಮ್ಮನ್ನೂ ಕರೆಸಿದ್ದಳು. ಬೆಕ್ಕು ತಂದವರು ಬೀಜಕ್ಕೆ ಕೈ ಹಚ್ಚಲಿ ಎಂದು. ಹಿರಿಯರಿಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಸಿದ್ದನಗೌಡ ಕೂರಿಗೆ ಹೂಡಿ ಬಾಗಿಲಲ್ಲಿ ನಿಂತಿದ್ದ. ಶಂಕ್ರಮ್ಮ ಬಾಯಿಯ ಮೆತ್ತು ಒಡೆದು ಬುಟ್ಟಿ ಹಿಡಿದಳು.

ಬೂದಿ ಇಳಿಯಿತು. ಹೊಟ್ಟು ಇಳಿಯಿತು. ಕಾಳು ಬರಲಿಲ್ಲ.

ಅವಳು ತೋಳವರೆಗೆ ಕೈ ಹಾಕಿದಳು. ಒಳಗೆ ಬೆರಳು ಕೆರೆಯುವ ಸಪ್ಪಳ ನಮಗೆಲ್ಲ ಕೇಳಿಸುತ್ತಿತ್ತು. ಹಿಂದಿನ ಗೋಡೆಯ ಬುಡದಿಂದ ಇಲಿಗಳು ನೆಲ ಕೊರೆದು ತಳಕ್ಕೆ ಬಂದಿದ್ದವು. ಕೈ ಹೊರಗೆ ತೆಗೆದಾಗ ಬೆರಳುಗಳಿಗೆಲ್ಲ ಬೂದಿ. ಅಷ್ಟರಲ್ಲಿ ಗೆಜ್ಜೆ ಝಲ್ ಅಂತು. ಚಾಂದಿ ಕಂಬಳಿಯಿಂದ ಇಳಿದು ಬಂದು ಅವಳ ಮೊಣಕಾಲಿಗೆ ಮೈ ತಿಕ್ಕಿತು. ಎತ್ತಿ ಒಗೆಯುತ್ತಾಳೆ ಎಂದುಕೊಂಡೆ. ಅವಳು ಆ ಬೂದಿಗೈಯನ್ನೇ ಅದರ ತಲೆಯ ಮೇಲೆ ಇಟ್ಟು ಹಾಗೇ ಕೂತಳು.

"ವೈನಿ, ಏಳ್ರಿ," ಎಂದ ಸಿದ್ದನಗೌಡ. ಅವನು ಕೆಟ್ಟವನಲ್ಲ, ಧ್ವನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ. "ನನ್ನ ಮನ್ಯಾಗ ಬೀಜ ಐತಿ. ಒಂದ ಮನಿತನ ಅಲ್ಲೇನ್ರಿ?"

"ಹಿರಿಯಾರ," ಎಂದಳು ಅವನ ಕಡೆ ನೋಡದೆ, "ನನ್ನ ಬೀಜದ್ದು ಒಂದು ಸಾಲು ಬಿತ್ತಿದ್ರ?"

"ಒಂದು ಸಾಲು ಬಿತ್ತಿದ್ರೂ ಬಿತ್ತಿದಂಗ ತಂಗೀ. ಆದ್ರ ಎಲ್ಲೈತಿ?"

ಮಸ್ತಾನ ನನ್ನ ಮುಖ ನೋಡಿದ, ನಾನು ಅವನದು. ಮೂರು ಸೇರು. ಎಕರೆ ಬಿತ್ತಲು ಸಾಕಾಗುವಷ್ಟು ಬೀಜ, ಅವಳ ವಾಡೆಯದು, ಅವಳ ಕೈಯಿಂದ ಅಳೆದದ್ದು. ಹಿರಿಯರಿಗೆ ಅದನ್ನು ಹೇಳಿದೆವು. ಮರುದಿನ ಹೊತ್ತು ಮುಳುಗುವವರೆಗೆ ಕಾಯುತ್ತೇವೆ ಎಂದರು. ಬಂಡಿ ಬಿಟ್ಟು, ಆಳಿಗೊಂದು ಎತ್ತು ಹತ್ತಿ ಕೆಸರಿನಲ್ಲಿ ಲಿಂಗಸುಗೂರಿಗೆ ಹೊರಟೆವು. ನಾವು ಕಾಳು ಹಾಕುತ್ತಿದ್ದ ಅಡತಿಯವನು ನಮ್ಮ ಮಾತು ಕೇಳಿ ಕಕ್ಕಾಬಿಕ್ಕಿಯಾದ. "ಆ ಚೀಲೇನ್ರೀ? ಯಾವಾಗಲೋ ಗಿರಣಿಗಿ ಹೋತು. ಜೋಳಕ್ಕ ಜೋಳ ಕೊಡತೀನಿ, ಒಯ್ರಿ."

"ಜೋಳ ಅಲ್ರೀ," ಎಂದ ಮಸ್ತಾನ. ಉಗ್ರಾಣದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಕಾಳುಗಳನ್ನು ಹೆಕ್ಕಿ ಹೆಕ್ಕಿ ನೋಡತೊಡಗಿದ. ನೆಲದ ತುಂಬ ಊರೂರಿನ ಜೋಳ ಬಿದ್ದಿತ್ತು. ಅವನನ್ನು ಎಬ್ಬಿಸಿಕೊಂಡು ಬರುವುದು ನನಗೆ ಸಾಕು ಸಾಕಾಯಿತು. ವಳಕಮದಿನ್ನಿಗೆ ನಾವು ಬರಿಗೈಯಲ್ಲಿ ಮರಳಿದೆವು. ಅವಳು ಕಟ್ಟೆಯ ಮೇಲೆ ಕೂತಿದ್ದಳು. ನಮ್ಮ ಕೈ ನೋಡಿದಳು, ಎದ್ದು ಒಳಗೆ ಹೋದಳು. ಎರಡು ಮಾತು ಬೈದಿದ್ದರೆ ಮಸ್ತಾನ ಮೊದಲಿನಂತೆ ಉಳಿಯುತ್ತಿದ್ದನೇನೋ.

ಹುಣಸಿಗಿಡದ ಹೊಲಕ್ಕೆ ಸಿದ್ದನಗೌಡನ ಬೀಜ ಬಿತ್ತು. ಒಳ್ಳೆಯ ಬೆಳೆಯೇ ಬಂತು. ಶಂಕ್ರಮ್ಮ ಮನೆಗೆ ಕೀಲಿ ಹಾಕಿ, ಬೆಕ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಮೈದುನನ ಮನೆಗೆ ಹೋದಳು. ಅವನ ಹೆಂಡತಿ ಮಕ್ಕಳು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ರೊಟ್ಟಿ ಬಡಿಯುವುದು ಅವಳ ಪಾಲಿಗೆ ಬಂತು. ಎಲ್ಲಿ ಏನು ಬಿತ್ತಬೇಕು ಎಂದು ಯಾರೂ ಅವಳನ್ನು ಕೇಳಲಿಲ್ಲ, ಅಷ್ಟೇ. ಆ ಮನೆಯಲ್ಲಿ ಹಾಲು ಎರೆಯುವವರು ಇರಲಿಲ್ಲ. ಗೆಜ್ಜೆಯನ್ನು ಯಾವುದೋ ಮಗು ಬಿಚ್ಚಿಕೊಂಡಿತು. ಅಲ್ಲಿಗೆ ಹೋದ ಒಂದು ವಾರದೊಳಗೇ ಚಾಂದಿ ಸಾಲು ಸಾಲು ಇಲಿ ಹಿಡಿದು ಅಂಗಳದಲ್ಲಿ ಹಾಕಿತಂತೆ. ಈ ಸುದ್ದಿ ಕೇಳಿದ ದಿನ ಮಸ್ತಾನ ಊಟ ಮಾಡಲಿಲ್ಲ.

ಆಮೇಲೂ ಒಂದಿಷ್ಟು ದಿನ ಬೆಕ್ಕಿನ ಬುಟ್ಟಿ ಹೊತ್ತು ತಿರುಗಿದೆವು. ಹೆಂಗಸರು ಮುಚ್ಚಳ ಸರಿಸಿ, "ಸಾಬಣ್ಣಾ, ಇದರ ಹಣಿ ಮ್ಯಾಲ ಏನೈತ್ರೀ?" ಎಂದು ಕೇಳುತ್ತಿದ್ದರು, ಕಥೆಗಾಗಿ ಕಾದು. "ಕೂದಲೈತಿ," ಎನ್ನುತ್ತಿದ್ದ.

ಬಂಡಿ ಬಹಳ ದಿನ ನಡೆಯಲಿಲ್ಲ. ರಜಾಕಾರರ ಗದ್ದಲದ ಕಾಲದಲ್ಲಿ ಅವನು ತಾಯಿಯನ್ನು ಕರೆದುಕೊಂಡು ಅಕ್ಕನ ಊರಿಗೆ ಹೋದ. ತನ್ನ ಎತ್ತನ್ನು ನನ್ನ ಗೂಟಕ್ಕೆ ಕಟ್ಟಿ, "ಎರಡೂ ಕೂಡಿ ಇರಲಿ" ಎಂದ. ಮತ್ತೆ ಸಿಗಲಿಲ್ಲ. ಕಥೆಗಳಲ್ಲಿ ಅವನ ತಾಯಿಯವು ಯಾವುವು, ಅವನವು ಯಾವುವು, ಒಂದು ದಿನವೂ ನಾನು ಅವನನ್ನು ಕೂರಿಸಿಕೊಂಡು ಕೇಳಲಿಲ್ಲ. ಕಾಳು ವ್ಯಾಪಾರ ಮಾಡುವ ನನ್ನ ಮಕ್ಕಳು ಮೊಮ್ಮಕ್ಕಳಿಗೆ ಒಂದು ಕಟ್ಟಳೆ ಮಾಡಿಟ್ಟಿದ್ದೇನೆ: ಯಾರ ಮನೆಯ ಕಾಳೇ ಬರಲಿ, ಚೀಲಕ್ಕೆ ಸುರಿಯುವ ಮೊದಲು ಒಂದು ಹಿಡಿ ಬೇರೆ ಎತ್ತಿಡಿ. ಯಾಕೆ ಎಂದು ಕೇಳುತ್ತಾರೆ. ಎತ್ತಿಡ್ರಪ್ಪಾ ಅಂದರೆ ಎತ್ತಿಡಿ, ಅಷ್ಟೇ ಅನ್ನುತ್ತೇನೆ.

ಮಸ್ಕಿಯ ಆ ಅಂಗಡಿಯಲ್ಲಿ ನಾನು ಹಾಗೇ ನಿಂತಿದ್ದೆ. ಅಂಗಡಿಯವನ ತಾಯಿ ಒಳಗಿನಿಂದ ಬಂದು, ಬಂಡಿಯ ಕಾಲದ ಗುರುತು ಹಿಡಿದು ಮಾತಾಡಿಸಿ, ಬಾಗಿಲಲ್ಲಿ ಕೂತಳು. ಮೊಮ್ಮಗಳು ಉಪ್ಪಿನ ಚೀಲದ ಬೆಕ್ಕನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಿದ್ದಳು.

"ಅಜ್ಜೀ, ಇದರ ಹಣಿ ಮ್ಯಾಲ ಗೆರಿ ಯಾರು ಹಾಕ್ಯಾರ?"

ನನ್ನ ಕಿವಿ ನಿಮಿರಿತು. ಸ್ವಾಮಿಗಳು ಬರುತ್ತಾರೋ ಪೀರರು ಬರುತ್ತಾರೋ ಎಂದು ಕಾದೆ.

"ಶಂಕ್ರಮ್ಮನ ಬೆರಳವ್ವಾ ಅವು," ಎಂದಳು ಮುದುಕಿ. "ವಳಕಮದಿನ್ನ್ಯಾಗ ಶಂಕ್ರಮ್ಮ ಅಂತ ಇದ್ಲು. ಆಕಿ ಬೀಜದ ಜೋಳಕ್ಕ ಊರ ಇಲಿ ಎಲ್ಲಾ ಮುಕರಿದ್ವು. ಒಂದು ಬೆಕ್ಕು ಊಟ ನೀರು ಬಿಟ್ಟು ವಾಡೆ ಕಾಯ್ತು. ಬೀಜ ಉಳೀತು, ಹೊಲ ಉಳೀತು. ಶಂಕ್ರಮ್ಮ ವಾಡ್ಯಾಗಿನ ಬೂದಿ ಮೂರು ಬೆರಳಿಂದ ತಗದು ಅದರ ಹಣಿಗಿ ಹಚ್ಚಿದ್ಲು. ಅದಕ್ಕ ಬೂದು ಬೆಕ್ಕಿನ ಮರಿ ಎಲ್ಲಾ ಹಿಂಗ ಹುಟ್ಟತಾವ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಆ ಕಡೆ ಬಂಡಿ ಹೊಡದವ್ರು. ಕಂಡಿದ್ರೇನ್ರೀ ಆಕಿನ್ನ?"

"ಕಂಡಿದ್ದೆ."

ತಪ್ಪು ತೂಕ ಕಂಡರೆ ಸುಮ್ಮನಿರುವ ಜೀವ ನನ್ನದಲ್ಲ. ನಡೆದ ಸಂಗತಿ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆ ಹುಡುಗಿ ತನ್ನ ಮೂರು ಬೆರಳು ಜೋಡಿಸಿ ಬೆಕ್ಕಿನ ಹಣೆಯ ಗೆರೆಗಳ ಮೇಲೆ ಇಟ್ಟು ಅಳೆದು ನೋಡಿದಳು.

"ಅಜ್ಜಾ, ಶಂಕ್ರಮ್ಮನ ಬೆರಳು ದೊಡ್ಡವಿದ್ವೇನು?"

ವಾಡೆಯೊಳಗೆ ಕೆರೆಯುತ್ತಿದ್ದ ಆ ಬೆರಳುಗಳ ಸಪ್ಪಳ ಕೇಳಿದಂತಾಯಿತು.

"ಇಲ್ಲವ್ವಾ," ಎಂದೆ. "ಸಣ್ಣವ ಇದ್ವು. ನಿನ್ನವಷ್ಟ."

"ಆಮ್ಯಾಲ ಆಕಿ ಬಿತ್ತಿದ್ಲಾ?"

"ಬಿತ್ತಿದ್ಲು," ಎಂದೆ. "ಮುತ್ತಿನಂಥ ಜೋಳ ಬಂತು."